ಬಂತು ಸ್ವಾಮಿ

ಹಸಿ ಕಡಲೆಕಾಯಿ ಸುಲಿದು, ಒಂದು ಗಳಿಗೆ ಬಿಟ್ಟು ಅಂಗೈ ಮೂಸಿ ನೋಡಿದವರಿಗಷ್ಟೇ ಗೊತ್ತಿರುವ ಒಂದು ವಾಸನೆಯಿದೆ. ಅರ್ಧ ಮಣ್ಣು, ಅರ್ಧ ಹಾಲು, ಕೊನೆಯಲ್ಲಿ ಸಣ್ಣಗೆ ಕಹಿ. ಚಿತ್ರದುರ್ಗದ ಜೋಗಿಮಟ್ಟಿ ರಸ್ತೆಯ ತಿರುವಿನಲ್ಲಿ ಹೆಂಗಸೊಬ್ಬಳು ಮಳೆಗಾಲ ಮುಗಿಯುವ ಹೊತ್ತಿಗೆ ಕಡಲೆಕಾಯಿಯನ್ನು ಗಿಡಸಮೇತ ತಂದು ರಾಶಿ ಹಾಕಿಕೊಂಡು ಕೂರುತ್ತಾಳೆ. ಮೊನ್ನೆ ಶಾಲೆ ಬಿಟ್ಟು ಬರುವಾಗ ಎರಡು ಸೇರು ತೆಗೆದುಕೊಂಡು, ನಡೆಯುತ್ತಲೇ ನಾಲ್ಕಾರು ಸುಲಿದು ಬಾಯಿಗೆ ಹಾಕಿಕೊಂಡೆ. ಮನೆಯ ಬೀಗ ತೆಗೆಯುವಾಗ ಬೆವರು ಒರೆಸಲು ಕೈ ಮುಖದ ಹತ್ತಿರ ಬಂತು, ಅಷ್ಟೇ. ಬಾಗಿಲ ಮುಂದೆಯೇ ಕೂತುಬಿಟ್ಟೆ. ಪಕ್ಕದ ಮನೆಯ ಶಮೀಮ್ ಬೇಗಂ "ಏನ್ ಟೀಚರ್, ತಲೆ ಸುತ್ತು ಬಂತಾ? ನೀರು ತರ್ಲಾ?" ಎಂದು ಓಡಿ ಬಂದರು. ಐವತ್ತು ದಾಟಿದ ಹೆಂಗಸು ತನ್ನ ಅಂಗೈಯನ್ನು ತಾನೇ ಮೂಸಿಕೊಂಡು ಅಳುತ್ತಿದ್ದಾಳೆ ಎಂದು ಹೇಗೆ ಹೇಳಲಿ? ತಲೆಸುತ್ತೇ ಎಂದೆ. ಮಾತು ಹುಟ್ಟಿಸಿ ಸನ್ನಿವೇಶ ದಾಟಿಬಿಡುವುದು ನನ್ನ ಹಳೆಯ ಚಾಳಿ. ಎದುರಿಗೆ ಯಾರಾದರೂ ಸುಮ್ಮನಿದ್ದರೆ ನನಗೆ ತಡೆಯಲಾಗುವುದಿಲ್ಲ, ಏನಾದರೊಂದು ಹೇಳಿ ಆ ಖಾಲಿ ಜಾಗ ಮುಚ್ಚಲೇಬೇಕು. ಈ ಚಾಳಿಯಿಂದ ಒಮ್ಮೆ ಎಂಥ ಅನಾಹುತವಾಯಿತು ಎಂಬುದನ್ನು ಈಗ ಹೇಳುತ್ತೇನೆ. ನಿಮ್ಮ ಬಾಲ್ಯದಲ್ಲೂ ಹೀಗೆ ಬಾಯಿ ಜಾರಿದ ಒಂದು ಮಾತು ಇದ್ದೇ ಇರುತ್ತದೆ, ಹಾಗಾಗಿ ನೀವು ನನ್ನನ್ನು ಬೈಯಲಾರಿರಿ ಎಂಬ ಧೈರ್ಯ ನನಗಿದೆ.

ನಮ್ಮೂರು ಧರ್ಮಪುರದಿಂದ ಆಚೆ, ಆಂಧ್ರದ ಗಡಿಗೆ ಕೂಗಳತೆಯಲ್ಲಿತ್ತು. ಊರೊಳಗೆ ನಾವು ಹದಿಮೂರು ಮನೆ ಕ್ರೈಸ್ತರು. ನಮ್ಮ ದೇವಾಲಯವನ್ನು ಗುಡಿ ಎಂದೇ ಕರೆಯುತ್ತಿದ್ದೆವು, ಚರ್ಚು ಎಂಬ ಮಾತು ಹಿರಿಯೂರಿನವರದು. ಅದು ಮೊದಲು ಕಡಲೆಕಾಯಿ ತುಂಬುವ ಕೊಟ್ಟಿಗೆಯಾಗಿತ್ತಂತೆ. ಒಂದು ಪೀಠ, ಒಂದು ಶಿಲುಬೆ, ಎರಡು ಮೇಣದ ಬತ್ತಿ ಇಟ್ಟು ಗುಡಿ ಮಾಡಿದ್ದರು. ಪ್ರತಿ ಕ್ರಿಸ್‌ಮಸ್‌ಗೆ ಸುಣ್ಣ ಬಳಿದರೂ ಗೋಡೆಗಳು ತಮ್ಮ ಹಳೆಯ ಕಸುಬನ್ನು ಮರೆತಿರಲಿಲ್ಲ, ಮಳೆ ಬಂದರೆ ಸಾಕು ಕಡಲೆ ಸಿಪ್ಪೆಯ ವಾಸನೆ ಎದ್ದು ಬರುತ್ತಿತ್ತು. ಬೆಂಚುಗಳಿರಲಿಲ್ಲ. ಬಲಗಡೆ ಈಚಲು ಚಾಪೆಯ ಮೇಲೆ ಗಂಡಸರು, ಎಡಗಡೆ ಹೆಂಗಸರು. ತಿಂಗಳಿಗೊಮ್ಮೆ, ಎರಡನೆಯ ಭಾನುವಾರ, ಸ್ವಾಮಿ, ಅಂದರೆ ನಮ್ಮ ಪಾದ್ರಿ, ಹಿರಿಯೂರಿನಿಂದ ಮೋಟಾರ್ ಬೈಕಿನಲ್ಲಿ ಧೂಳು ಕುಡಿದುಕೊಂಡು ಬಂದು ಪೂಜೆ ಮಾಡುತ್ತಿದ್ದರು. ಉಳಿದ ಭಾನುವಾರಗಳಲ್ಲಿ ಊರಿನ ಹಿರಿಯ ಇನ್ನಾಸಪ್ಪ ತಾತ ಜಪಸರ ಹೇಳಿಸುತ್ತಿದ್ದ. ಕಡಲೆಕಾಯಿ ಬಿಡಿಸುವ ದಿನಗಳಲ್ಲಿ ಜನ ಬೆಳಗ್ಗೆ ಎರಡು ಗಂಟೆ ಕಾಲ ಗಿಡ ಜಾಡಿಸಿಯೇ ಪೂಜೆಗೆ ಬರುತ್ತಿದ್ದರು. ಕೈ ತೊಳೆದಿರುತ್ತಿದ್ದರು, ವಾಸನೆ ಮಾತ್ರ ಹೋಗಿರುತ್ತಿರಲಿಲ್ಲ.

ಪೂಜೆಯಲ್ಲಿ ಒಂದು ಗಳಿಗೆ ಬರುತ್ತದೆ. ಪರಲೋಕ ಮಂತ್ರ ಹೇಳಿ ಮುಗಿದ ಮೇಲೆ, ಸ್ವಾಮಿ ರೊಟ್ಟಿ ಮುರಿಯುವುದಕ್ಕೆ ಮುಂಚೆ, ವಿಶ್ವಾಸಿಗಳು ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಳ್ಳಬೇಕು. ಬೇರೆ ಕಡೆ ಇದು ಅರ್ಧ ನಿಮಿಷದ ಕೆಲಸ, ಅಕ್ಕಪಕ್ಕ ತಿರುಗಿ ಕೈ ಮುಗಿದರೆ ಆಯಿತು. ನಮ್ಮೂರಲ್ಲಿ ಹಾಗಿರಲಿಲ್ಲ, ಅದಕ್ಕೆ ಕಾರಣ ಒಂದು ತಪ್ಪು ತಿಳಿವಳಿಕೆ. ಅಜ್ಜಿ ಹೇಳುತ್ತಿದ್ದಳು: ಹಿಂದೆ ಸ್ವಾಮಿಗಳು ಜನಕ್ಕೆ ಬೆನ್ನು ಹಾಕಿ ಲ್ಯಾಟಿನ್ ಭಾಷೆಯಲ್ಲಿ ಪೂಜೆ ಮಾಡುತ್ತಿದ್ದರಂತೆ, ಜನ ತಮ್ಮ ಪಾಡಿಗೆ ತಾವು ಜಪಮಣಿ ಎಣಿಸುತ್ತಾ ಕೂರುತ್ತಿದ್ದರಂತೆ. ಪೂಜೆ ಕನ್ನಡಕ್ಕೆ ಬಂದು ಸ್ವಾಮಿ ಜನರ ಕಡೆ ತಿರುಗಿದ ಹೊಸತರಲ್ಲಿ, ವಯಸ್ಸಾದ ಸ್ವಾಮಿಯೊಬ್ಬರು "ಪೂಜೆ ನನ್ನೊಬ್ಬನದಲ್ಲ, ನಿಮ್ಮದು ಕೂಡ. ಈ ಸಮಾಧಾನ ಪೀಠದಿಂದ ಹೊರಟು ಕಟ್ಟಕಡೆಯವರನ್ನು ಮುಟ್ಟಬೇಕು" ಎಂದು ಬಿಡಿಸಿ ಹೇಳಿದರಂತೆ. ಮುಟ್ಟಬೇಕು ಎಂದರೆ ನಮ್ಮವರು ನಿಜವಾಗಿ ಮುಟ್ಟಬೇಕು ಎಂದೇ ತಿಳಿದರು. ಬಾವಿಯಿಂದ ತೊಟ್ಟಿಗೆ ಕೈಯಿಂದ ಕೈಗೆ ಕೊಡ ದಾಟಿಸುವ ಹಾಗೆ ಸಮಾಧಾನವನ್ನೂ ದಾಟಿಸತೊಡಗಿದರು. ಆ ಸ್ವಾಮಿ ನಕ್ಕು ಸುಮ್ಮನಾದರೋ, ಅವರಿಗೂ ಅದೇ ಚೆನ್ನಾಗಿದೆ ಎನಿಸಿತೋ ಗೊತ್ತಿಲ್ಲ, ಅದೇ ನಮ್ಮ ಪದ್ಧತಿಯಾಯಿತು.

ಸ್ವಾಮಿ ಪೀಠದಿಂದ ಇಳಿದು ಇನ್ನಾಸಪ್ಪ ತಾತನ ಕೈಗಳನ್ನು ತಮ್ಮೆರಡು ಅಂಗೈ ನಡುವೆ ಹಿಡಿದು "ಸಮಾಧಾನ" ಎನ್ನುವರು. ತಾತ "ಸಮಾಧಾನ" ಎಂದು ಪಡೆದು ತನ್ನ ಪಕ್ಕದವನಿಗೆ ಕೊಡುವನು. ಹೀಗೆ ವಯಸ್ಸಿನ ಪ್ರಕಾರ ಸಾಗುತ್ತದೆ, ಪಡೆಯದೆ ಯಾರೂ ಕೊಡುವಂತಿಲ್ಲ. ಗಂಡಸರ ಚಾಪೆಯಿಂದ ಹೆಂಗಸರ ಚಾಪೆಗೆ ದಾಟಿಸುವುದು ಮಾತ್ರ ವಯಸ್ಸಿನ ಲೆಕ್ಕವಿಲ್ಲದೆ ನನ್ನ ಅಪ್ಪನ ಕೆಲಸ, ಏಕೆಂದರೆ ಈಚೆ ತುದಿಯಲ್ಲಿ ಕೂರುತ್ತಿದ್ದವಳು ಅವನನ್ನು ಹೆತ್ತವಳು, ಮುಟ್ಟಲು ಸಂಕೋಚವಿಲ್ಲ. ಅಜ್ಜಿಯಿಂದ ಮುದುಕಿಯರಿಗೆ, ಅವರಿಂದ ನನ್ನ ಅವ್ವನಿಗೆ, ಅವ್ವನಿಂದ ಚಿಕ್ಕವ್ವನಿಗೆ, ಆಮೇಲೆ ಹೊಸ ಸೊಸೆಯರು, ಹುಡುಗಿಯರು, ಎಲ್ಲರಿಗಿಂತ ಕಡೆಗೆ ನಾನು. ಪೂಜೆಯ ರೊಟ್ಟಿಯನ್ನು ಮೊದಲ ಪ್ರಸಾದವಾಗಿ ತೆಗೆದುಕೊಂಡವರಲ್ಲಿ ನಾನೇ ಕಿರಿಯವಳು, ಒಂಬತ್ತು ವರ್ಷದವಳು. ನನ್ನ ಕೈಗೆ ಮುಟ್ಟಿದ ಮೇಲೆ ನಾನು ಗಟ್ಟಿಯಾಗಿ "ಬಂತು ಸ್ವಾಮಿ" ಎಂದು ಕೂಗಬೇಕು. ಆಗಲೇ ಸ್ವಾಮಿ ರೊಟ್ಟಿ ಮುರಿಯುವುದು. ಅಲ್ಲಿಯವರೆಗೆ ಪೂಜೆ ನಿಂತಿರುತ್ತದೆ. ಒಮ್ಮೆ ಬದುವಿನ ಜಗಳ ಆಡಿಕೊಂಡು ಬಂದ ಇಬ್ಬರು ಗಂಡಸರು ಸಮಾಧಾನ ಹೇಳುತ್ತಾ ಒಬ್ಬರ ಕೈ ಇನ್ನೊಬ್ಬರು ಮುರಿಯುವಂತೆ ಹಿಸುಕಿದ್ದುಂಟು, ಹಿಸುಕಿದರೂ ದಾಟಿಸಿದ್ದರು. ಹದಿಮೂರು ಮನೆಯ ಕೈಗಳನ್ನು ದಾಟಿ ಬಂದದ್ದು ನನ್ನ ಅಂಗೈಯಲ್ಲಿ ಉಳಿಯುತ್ತಿತ್ತು. ಕಡಲೆಕಾಯಿ, ಹೊಗೆಸೊಪ್ಪು, ಬೆಳ್ಳುಳ್ಳಿ, ಹರಳೆಣ್ಣೆ. ಮನೆ ತಲುಪುವವರೆಗೆ ಮೂಸುತ್ತಲೇ ಇರುತ್ತಿದ್ದೆ.

ನಮ್ಮ ಮನೆ ಗುಡಿಯ ಹಿಂಬದಿಗೇ ಇತ್ತು. ಅಜ್ಜಿ, ಅಪ್ಪ, ಅವ್ವ, ಚಿಕ್ಕಪ್ಪ ಚೌರಪ್ಪ, ಚಿಕ್ಕವ್ವ ಸವೇರಮ್ಮ, ಲೂರ್ದು ಎಂಬ ನಾನು. ಚಿಕ್ಕವ್ವ ಹೊಸದುರ್ಗದ ಕಡೆ ಮತ್ತೋಡಿನವಳು. ಎತ್ತರದ ಹೆಣ್ಣು, ನಗುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯುವ ಅಭ್ಯಾಸವೇ ಇರಲಿಲ್ಲ, ಅದಕ್ಕೆ ಅಜ್ಜಿಯಿಂದ ಬೈಸಿಕೊಳ್ಳುತ್ತಿದ್ದಳು. ಅವ್ವ ಮಾತು ಕಡಿಮೆ, ಚಿಕ್ಕವ್ವ ಮಾತಿನ ಮಲ್ಲಿ, ಇಬ್ಬರೂ ಒಂದೇ ಒರಳಿನ ಎರಡು ಕಡೆ ಕೂತು ಕೆಲಸ ಮಾಡುವುದನ್ನು ನೋಡಿದರೆ ಯಾರೂ ಅವರನ್ನು ವಾರಗಿತ್ತಿಯರೆನ್ನುತ್ತಿರಲಿಲ್ಲ. "ಅಕ್ಕಾ, ನಿನ್ ಮಗಳು ನಂಗೇ ಹುಟ್ಬೇಕಿತ್ತು ನೋಡು, ಬಾಯಿ ನೋಡಿದ್ಯಾ ಇವಳ್ದು" ಎಂದು ಚಿಕ್ಕವ್ವ ನನ್ನನ್ನು ಎಳೆದು ಜಡೆ ಹಾಕುತ್ತಿದ್ದಳು. ಅವಳಿಗೆ ಆರು ವರ್ಷ ಮಕ್ಕಳಾಗಲಿಲ್ಲ. ಆಮೇಲೆ ಒಂದು ಗಂಡು ಕೂಸು ಹುಟ್ಟಿತು. ಅವ್ವನೇ ಹಗ್ಗ ಬಿಗಿದು ತೊಲೆಗೆ ತೊಟ್ಟಿಲು ಕಟ್ಟಿದಳು. ಎರಡನೆಯ ಭಾನುವಾರ ಸ್ವಾಮಿ ಬಂದಾಗ ತಲೆಗೆ ನೀರು ಸುರಿದು ಕ್ರೈಸ್ತನಾಗಿಸುವ ಜ್ಞಾನಸ್ನಾನ, ಹೆಸರು ಅಂತೋಣಿ ಎಂದು ನಿಶ್ಚಯವಾಯಿತು.

ಆ ಭಾನುವಾರಕ್ಕೆ ಇನ್ನೂ ಐದು ದಿನವಿತ್ತು. ಚಿಕ್ಕವ್ವನಿಗೆ ಬಾಣಂತಿ ಜ್ವರ ನೆತ್ತಿಗೇರಿ, ಚಿಕ್ಕಪ್ಪನೂ ಅಜ್ಜಿಯೂ ಅವಳನ್ನು ಬೆಳಗಿನ ಬಸ್ಸಿಗೆ ಹಿರಿಯೂರಿಗೆ ಕರೆದುಕೊಂಡು ಹೋದರು. ಹಸುಗೂಸನ್ನು ಅಲ್ಲಿಗೆ ಒಯ್ಯುವುದು ಬೇಡವೆಂದು ಅವ್ವನ ಮಡಿಲಲ್ಲಿ ಬಿಟ್ಟರು. ಬಸ್ಸು ಹತ್ತುವಾಗ ಚಿಕ್ಕವ್ವ "ಅಕ್ಕಾ, ನಿನ್ ಕೈಯಾಗೆ ಐತೆ" ಎಂದಳಂತೆ. ಮರುದಿನ ಬೆಳಗ್ಗೆ ಕೂಸು ಹಾಲು ಕಕ್ಕಿತು. ಮಧ್ಯಾಹ್ನದ ಹೊತ್ತಿಗೆ ಅಳುವುದನ್ನು ನಿಲ್ಲಿಸಿತು, ತುಟಿ ಬಣ್ಣಗೆಟ್ಟಿತು. ಅಪ್ಪ ಜೀಪು ತರಲು ಸೈಕಲ್ಲಿನಲ್ಲಿ ಧರ್ಮಪುರಕ್ಕೆ ಓಡಿದ. ಮನೆಯಲ್ಲಿ ಅವ್ವ, ನಾನು, ಅವಳ ತೊಡೆಯ ಮೇಲೆ ಆ ಕೂಸು. ನನಗೆ ಒಂದು ವಿಷಯ ಗೊತ್ತಿತ್ತು. ಬೇಸಿಗೆಯಲ್ಲಿ ಧರ್ಮೋಪದೇಶ ಹೇಳಿಕೊಡಲು ಬಂದ ಸಿಸ್ಟರ್ ಹೇಳಿದ್ದರು: ಪ್ರಾಣ ಹೋಗುವ ಹೊತ್ತಿನಲ್ಲಿ ಸ್ವಾಮಿಗಾಗಿ ಕಾಯಬೇಕಿಲ್ಲ, ಯಾವ ವಿಶ್ವಾಸಿಯಾದರೂ ತಲೆಗೆ ನೀರು ಸುರಿದು ಮಾತು ಹೇಳಿದರೆ ಜ್ಞಾನಸ್ನಾನ ಆದಂತೆಯೇ. ಆ ಮಾತುಗಳನ್ನು ಬಾಯಿಪಾಠ ಮಾಡಿ ಒಂದು ಪವಿತ್ರ ಚಿತ್ರ ಬಹುಮಾನವಾಗಿ ಗೆದ್ದವಳು ನಾನು. ಹಿತ್ತಾಳೆ ಲೋಟದಲ್ಲಿ ನೀರು ತುಂಬಿಕೊಂಡು ಬಂದು ಅವ್ವನ ಮುಂದೆ ನಿಂತೆ.

"ನೀರು ಹಾಕವ್ವಾ. ಮಾತು ನಂಗೆ ಬರ್ತಾವೆ."

ಅವ್ವ ಲೋಟವನ್ನು ನೋಡಿದಳು. ಅವಳ ಕಣ್ಣು ಅಷ್ಟು ದೊಡ್ಡದಾದದ್ದನ್ನು ನಾನು ಅದಕ್ಕೆ ಮುಂಚೆಯೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. "ಒಯ್ದು ಇಡು ಅಲ್ಲಿ. ಸಾಯೋ ಕೂಸಿಗೆ ಹಾಕಾ ನೀರು ಅದು. ನಮ್ ಕೂಸಿಗೆ ಏನಾಗೈತೆ? ಭಾನುವಾರ ಸ್ವಾಮಿ ಬರ್ತಾರೆ, ಅವ್ರೇ ಹಾಕ್ತಾರೆ." ನಾನು ಲೋಟವನ್ನು ಕಿಟಕಿಯಲ್ಲಿಟ್ಟೆ. ಅವ್ವ ಕೂಸಿನ ಅಂಗಾಲನ್ನು ತನ್ನ ಅಂಗೈಯಿಂದ ಉಜ್ಜುತ್ತಲೇ ಇದ್ದಳು. ಜೀಪಿನ ಸದ್ದು ಕೇಳುವ ಹೊತ್ತಿಗೆ ಉಜ್ಜಿ ಪ್ರಯೋಜನವಿರಲಿಲ್ಲ, ಆದರೂ ಅಪ್ಪ ಬಂದು ಬಿಡಿಸುವವರೆಗೆ ಅವಳು ನಿಲ್ಲಿಸಲಿಲ್ಲ. ನೀರು ಹಾಕಿದರೆ ಕೂಸು ಹೋಗುತ್ತದೆ ಎಂದು ಒಪ್ಪಿಕೊಂಡಂತೆ ಎಂಬುದು ಅವಳ ಮನಸ್ಸು. ಹಾಕದಿದ್ದುದು ಪ್ರೀತಿಯಿಂದ ಎಂದು ಈಗ ನನಗೆ ಅರ್ಥವಾಗುತ್ತದೆ. ಆದರೆ ಹೆತ್ತವಳಿಗೆ ಅದನ್ನು ಹೇಗೆ ಅರ್ಥ ಮಾಡಿಸುವುದು?

ಜ್ಞಾನಸ್ನಾನವಾಗದ ಕೂಸನ್ನು ಸಮಾಧಿ ಜಾಗದ ಬೇಲಿಯ ಆಚೆ, ಜಾಲಿ ಮರದ ಕೆಳಗೆ ಹೂಳಿದರು. ಯಾವ ಸ್ವಾಮಿ ಹೇಳಿದ ಕಟ್ಟಳೆಯೋ, ಸ್ವಾಮಿಯನ್ನು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ, ಇನ್ನಾಸಪ್ಪ ತಾತ "ಹಿಂದ್ಲಿಂದ ಹಂಗೇ ಐತೆ" ಎಂದ, ಹಾಗೇ ಮಾಡಿದರು. ಚಿಕ್ಕವ್ವ ನಾಲ್ಕನೆಯ ದಿನ ಬಂದಳು. ದಾರಿಯಲ್ಲೇ ಅವಳಿಗೆ ಎಲ್ಲ ಗೊತ್ತಾಗಿತ್ತು. ಹೊಸ್ತಿಲಲ್ಲಿ ನಿಂತು ಅವ್ವನನ್ನು ಒಂದೇ ಮಾತು ಕೇಳಿದಳು. "ಮನ್ಯಾಗೆ ನೀರಿರ್ಲಿಲ್ವೇನಕ್ಕಾ?" ಕಿಟಕಿಯಲ್ಲಿ ಆ ಲೋಟ ಇನ್ನೂ ಇತ್ತು. ಮುಂದಿನ ಒಂದು ತಿಂಗಳು ಆ ಮನೆಯಲ್ಲಿ ಪಾತ್ರೆಗಳು ಮಾತ್ರ ಮಾತಾಡಿದವು. ಒಂದು ಸಂಜೆ, ನೋಡಿ ನೋಡಿ ಅವಳ ಹೊಟ್ಟೆ ಉರಿಯುತ್ತದೆ ಎಂದು ಅವ್ವ ತೊಲೆಯ ತೊಟ್ಟಿಲನ್ನು ಬಿಚ್ಚಿ ಅಟ್ಟಕ್ಕೆ ಹಾಕಿದಳು. ಚಿಕ್ಕವ್ವ ಹಿತ್ತಲಿಂದ ಬಂದು ಬೋಳು ತೊಲೆಯನ್ನು ನೋಡಿದಳು. "ಈಗ ಸಮಾಧಾನ ಆತೇನಕ್ಕಾ?" ಎಂದಳು. ನಮ್ಮ ಕಡೆ ಜಗಳದಲ್ಲಿ ಇದಕ್ಕಿಂತ ಕೆಟ್ಟ ಮಾತಿಲ್ಲ.

ಕೂಸಿಗೆ ಸ್ನಾನವಾಗಬೇಕಿದ್ದ ಭಾನುವಾರ ಚಿಕ್ಕವ್ವ ಗುಡಿಗೆ ಬರಲಿಲ್ಲ. ಮರು ತಿಂಗಳು ಬಂದಳು. ಆ ಭಾನುವಾರ ಸಮಾಧಾನ ಇಂದು ಅವ್ವ ಚಿಕ್ಕವ್ವರ ನಡುವೆ ತಡೆಯುತ್ತದೆ ಎಂದು ಪರಲೋಕ ಮಂತ್ರ ಶುರುವಾದಾಗಿನಿಂದಲೇ ಜನಕ್ಕೆ ಗೊತ್ತಿತ್ತು, ನನಗೂ ಗೊತ್ತಿತ್ತು. ಹದಿಮೂರು ಮನೆಯಲ್ಲಿ ಯಾವ ವಿಷಯ ಗುಟ್ಟಾಗಿರುತ್ತದೆ? ಸ್ವಾಮಿಗೆ ಮಾತ್ರ ತಿಳಿದಿರಲಿಲ್ಲವೇನೋ. ಅವರು ತಾತನ ಕೈ ಹಿಡಿದು ಸಮಾಧಾನ ಕೊಟ್ಟು ಪೀಠಕ್ಕೆ ಹಿಂತಿರುಗಿ ಕಾಯತೊಡಗಿದರು. ಗಂಡಸರ ಸಾಲಿನಲ್ಲಿ ಅದು ಸರಸರ ಸಾಗಿತು. ಅಪ್ಪ ಅಜ್ಜಿಗೆ ದಾಟಿಸಿದ. ಅಜ್ಜಿಯಿಂದ ಮುದುಕಿಯರಿಗೆ. ಅವ್ವನಿಗೆ. ಹೆಂಗಸರ ಚಾಪೆ ಮೂಲೆಯಲ್ಲಿ ತಿರುಗುತ್ತಿದ್ದುದರಿಂದ ತುದಿಯಲ್ಲಿದ್ದ ನಾನು ಅವರಿಬ್ಬರ ಎದುರಿಗೇ ಇದ್ದೆ. ಅವ್ವ ಪಡೆದಳು. ಮಂಡಿಯ ಮೇಲೆಯೇ ತಿರುಗಿದಳು. ಎರಡೂ ಕೈಗಳನ್ನು ಮುಂದೆ ಚಾಚಿ, "ಸಮಾಧಾನ" ಎಂದಳು. ಅವಳ ಅಂಗೈಗಳು ಬೊಗಸೆಯಾಗಿದ್ದವು, ಏನಾದರೂ ಚೆಲ್ಲಿಹೋದೀತು ಎಂಬಂತೆ. ಚಿಕ್ಕವ್ವ ತನ್ನ ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡು ಪೀಠವನ್ನು ನೋಡುತ್ತಾ ಕೂತಿದ್ದಳು.

ಹೊರಗೆ ಯಾರದೋ ಆಡು ಕಟ್ಟಿದ ಹಗ್ಗ ಎಳೆಯುತ್ತಿದ್ದ ಸದ್ದು ಕೇಳುತ್ತಿತ್ತು. ಮೇಣದ ಬತ್ತಿಯೊಂದು ವಾಲಿತ್ತು, ಅದರ ಹನಿ ಪೀಠದ ಬಟ್ಟೆಯ ಮೇಲೆ ಬೀಳುತ್ತಿದ್ದುದನ್ನು ಕಂಡರೂ ಯಾರೂ ಏಳಲಿಲ್ಲ. ಅವ್ವನ ತೋಳು ನೋಯಲು ಶುರುವಾಗಿರಬೇಕು, ಮೊಣಕೈ ಸ್ವಲ್ಪ ಇಳಿಯಿತು, ಮತ್ತೆ ಎತ್ತಿದಳು. "ತಗಳವ್ವಾ ಸವೇರಿ, ದೇವ್ರ ಮುಂದೆ ಐದೀಯ, ತಗಳವ್ವ" ಎಂದು ಅಜ್ಜಿ ಆ ತುದಿಯಿಂದ ಪಿಸುಗುಟ್ಟಿದಳು. ಇನ್ನಾಸಪ್ಪ ತಾತ ತೆಲುಗಿನಲ್ಲಿ "ಅಯ್ಯೋ ದೇವುಡಾ" ಎಂದದ್ದು ಎಲ್ಲರಿಗೂ ಕೇಳಿತು. ಚಿಕ್ಕಪ್ಪ ತಲೆಯನ್ನು ಎರಡು ಮಂಡಿಗಳ ನಡುವೆ ಇಳಿಸಿಕೊಂಡಿದ್ದ. ಸ್ವಾಮಿ ರೊಟ್ಟಿಯ ತಟ್ಟೆಯ ಪಕ್ಕ ಕೈಯಿಟ್ಟುಕೊಂಡು ಸುಮ್ಮನೆ ನಿಂತಿದ್ದರು. ಅವರಿಗೆ ಆಗ ಅರ್ಥವಾಗಿರಬೇಕು, ಮುಂದುವರಿಯಲಿಲ್ಲ, ಒತ್ತಾಯ ಮಾಡಲಿಲ್ಲ. ಕಾಯಲು ಅವರು ತಯಾರಿದ್ದರು. ಅವತ್ತು ಆ ಗುಡಿಯಲ್ಲಿ ಕಾಯಲು ತಯಾರಿಲ್ಲದಿದ್ದವಳು ನಾನೊಬ್ಬಳೇ. ಅವ್ವನ ಬೊಗಸೆ, ಚಿಕ್ಕವ್ವನ ಮಡಿಲು, ನಡುವೆ ಒಂದು ಗೇಣು ಖಾಲಿ ಜಾಗ. ಸ್ವಾಮಿ ಮೆಲ್ಲಗೆ, ಬೈಯುವಂತಲ್ಲ, ವಿಚಾರಿಸುವಂತೆ ನನ್ನ ಕಡೆ ನೋಡಿ "ಬಂತೇನಮ್ಮಾ?" ಎಂದರು. ಚಿಕ್ಕವ್ವನ ಮೇಲಿನ ಕೈ ಕೆಳಗಿನ ಕೈಯಿಂದ ಒಂಚೂರು ಮೇಲೆದ್ದಂತೆ ನನಗೆ ಕಂಡಿತು. ಅಷ್ಟರಲ್ಲಿ ನನ್ನ ಬಾಯಿ ತೆರೆದಾಗಿತ್ತು.

"ಬಂತು ಸ್ವಾಮಿ."

ಇಡೀ ಗುಡಿ ಉಸಿರು ಬಿಟ್ಟಿತು. ಎಲ್ಲರಿಗೂ ಗೊತ್ತಿತ್ತು ಬಂದಿಲ್ಲವೆಂದು, ಎಲ್ಲರಿಗೂ ಬಂತು ಎಂಬುದೇ ಬೇಕಾಗಿತ್ತು. ಸ್ವಾಮಿ ಒಂದು ಕ್ಷಣ ನನ್ನನ್ನೇ ನೋಡಿ, ತಿರುಗಿ ರೊಟ್ಟಿ ಮುರಿದರು. ಅವ್ವನ ಕೈ ಕೆಳಗಿಳಿಯಿತು. ಚಿಕ್ಕವ್ವನ ಕೈ ಮತ್ತೆ ಮಡಿಲಲ್ಲಿ ಕೂತಿತು. ಅವಳು ಅಂದು ಪ್ರಸಾದ ತೆಗೆದುಕೊಳ್ಳಲಿಲ್ಲ. ಮನೆಗೆ ಬರುವಾಗ ಅಂಗೈ ಮೂಸಿದೆ, ನನ್ನದೇ ಬೆವರು. ಬೈಸಿಕೊಳ್ಳುತ್ತೇನೆ ಎಂದುಕೊಂಡಿದ್ದೆ, ಅಜ್ಜಿ ನನ್ನ ತಲೆ ಸವರಿ "ಮನೆ ಮಾನ ಉಳಿಸ್ದೆ ಕಣವ್ವ" ಎಂದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಆ ಹೊಗಳಿಕೆ ನನಗೆ ಇಂದಿಗೂ ಜೀರ್ಣವಾಗಿಲ್ಲ.

ವಾರದೊಳಗೆ ಚಿಕ್ಕಪ್ಪನೂ ಚಿಕ್ಕವ್ವನೂ ಒಂದು ಕಬ್ಬಿಣದ ಟ್ರಂಕು ಹೊತ್ತು ಮತ್ತೋಡಿಗೆ ಹೊರಟರು. ಅವಳ ತವರಿನಲ್ಲಿ ಉಳುಮೆಗೆ ಜನ ಬೇಕಾಗಿತ್ತಂತೆ, ಹೇಳಲು ಅದೊಂದು ನೆಪ. ನಾನು ಬಸ್ಸಿನವರೆಗೆ ಹೋದೆ. ಚಿಕ್ಕವ್ವ ಹತ್ತುವ ಮುಂಚೆ ನನ್ನ ಮುಖ ನೋಡಿ, "ನೀನೂ ಹಂಗಂದ್ಯಲ್ಲೇ ಲೂರ್ದು" ಎಂದಳು. ಸುಳ್ಳು ಹೇಳಿದ್ದಕ್ಕೆ ಅಂದಳು ಎಂದುಕೊಂಡೆ. ಆಮೇಲಿನ ವರ್ಷಗಳಲ್ಲಿ ಚಿಕ್ಕಪ್ಪ ಯಾವಾಗಲಾದರೂ ಊರಿಗೆ ಬಂದು ಆ ವಿಷಯ ಎತ್ತಿದರೆ ಅಪ್ಪನೂ ತಾತನೂ ಅವನ ಬಾಯಿ ಮುಚ್ಚಿಸುತ್ತಿದ್ದರು. "ಗುಡ್ಯಾಗೆ ಸಮಾಧಾನ ಆಗೈತಲ್ಲಪ್ಪಾ, ಸ್ವಾಮಿ ಮುಂದೆ ಆಗೈತೆ. ಇನ್ನೂ ಯಾಕೆ ಕೆದಕ್ತೀಯ?" ಆಗಿಲ್ಲ ಎನ್ನಲು ಅವನಿಗೆ ಎದೆಗಾರಿಕೆ ಇರಲಿಲ್ಲ. ನನ್ನ ಎರಡು ಪದ ಊರಿನ ತೀರ್ಪಾಗಿಬಿಟ್ಟಿತ್ತು. ಮದುವೆ ಸಾವುಗಳಲ್ಲಿ ಅವ್ವ ಚಿಕ್ಕವ್ವ ಎದುರಾಗುತ್ತಿದ್ದರು. "ಉಂಡೇನಕ್ಕಾ?" "ಉಂಡೆ. ಕುಂತ್ಕ." ಅಷ್ಟೇ.

ಒಂದೊಂದಾಗಿ ಎಲ್ಲವೂ ಹೋದವು. ಅಜ್ಜಿ, ತಾತ, ಅಪ್ಪ, ಆಮೇಲೆ ಚಿಕ್ಕಪ್ಪ. ಕೊಟ್ಟಿಗೆಯ ಗುಡಿ ಕೆಡವಿ ದೊಡ್ಡ ದೇವಾಲಯ ಕಟ್ಟುವಾಗ ನಮ್ಮ ಮನೆಯ ಜಾಗವನ್ನೂ ಕೊಟ್ಟೆವು. ನನ್ನ ಅಂದಾಜಿನಲ್ಲಿ ಈಗ ಪೀಠ ಇರುವುದು ನಮ್ಮ ಅಡುಗೆ ಕೋಣೆಯ ಮೇಲೆ, ಒರಳಿದ್ದ ಕಡೆ ಇಂದು ಗಾಯಕರ ಮೈಕು ನಿಲ್ಲುತ್ತದೆ. ಬೆಂಚುಗಳು ಬಂದಾಗ ಸಮಾಧಾನದ ಸಾಲು ಮುರಿಯಿತು. ಆಮೇಲೆ ಬಂದ ಸ್ವಾಮಿ ಅದಕ್ಕೆ ಹೊತ್ತು ಹಿಡಿಯುತ್ತದೆ ಎಂದರು. ಕೊರೊನಾ ಬಂದ ಮೇಲೆ ಕೈ ಮುಟ್ಟುವ ಮಾತೇ ಇಲ್ಲ, ತಲೆ ಬಾಗಿಸಿದರೆ ಸಾಕು. ಅವ್ವ ಕೊನೆಯ ಎರಡು ವರ್ಷ ದುರ್ಗದಲ್ಲಿ ನನ್ನ ಜೊತೆಗಿದ್ದಳು. ನೆನಪು ಕಲಸಿಹೋಗಿತ್ತು. ಹಾಸಿಗೆಯಲ್ಲಿ ಕೂತು ದಿಂಬನ್ನು ತೊಡೆಯ ಮೇಲಿಟ್ಟುಕೊಂಡು ಅದರ ತುದಿಯನ್ನು ಉಜ್ಜುತ್ತಾ, "ಲೂರ್ದು, ನೀರು ತಂದೇನೇ? ತಾರೇ, ಹಾಕಾಣ" ಎನ್ನುತ್ತಿದ್ದಳು. ನಾನು ಲೋಟದಲ್ಲಿ ನೀರು ತಂದು ಕೊಟ್ಟರೆ ಅದನ್ನು ನೋಡುತ್ತಾ ಕೂರುತ್ತಿದ್ದಳೇ ಹೊರತು ಕುಡಿಯುತ್ತಿರಲಿಲ್ಲ. ಅವಳು ಹೋದ ದಿನ, ಮಣ್ಣು ಮಾಡಲು ಊರಿಗೆ ಒಯ್ಯುವ ಮುಂಚೆ, ನಾನು ಮೊದಲು ಫೋನು ಮಾಡಿದ್ದು ಮತ್ತೋಡಿಗೆ. ಆ ಕಡೆಯಿಂದ ಚಿಕ್ಕವ್ವ "ಹೂಂ" ಎಂದಳು, ಬರುತ್ತೇನೆ ಎನ್ನಲಿಲ್ಲ.

ಬಂದಳು. ಹೊಸದುರ್ಗ, ಹಿರಿಯೂರು, ಧರ್ಮಪುರ ಎಂದು ಮೂರು ಬಸ್ಸು ಬದಲಾಯಿಸಿ, ಊರುಗೋಲು ಹಿಡಿದು, ಪೂಜೆ ಅರ್ಧವಾಗಿರುವಾಗ ಬಂದು ಕೊನೆಯ ಬೆಂಚಿನಲ್ಲಿ ಕೂತಳು. ಶವಪೆಟ್ಟಿಗೆ ಪೀಠದ ಮುಂದೆ, ಮುಚ್ಚಳ ತೆರೆದಿತ್ತು. ಕಿರಿಯ ವಯಸ್ಸಿನ ಸ್ವಾಮಿ ಚೆನ್ನಾಗಿಯೇ ಪೂಜೆ ನಡೆಸಿದರು. ಪರಲೋಕ ಮಂತ್ರ ಮುಗಿಯಿತು. "ಪರಸ್ಪರ ಸಮಾಧಾನ ಸೂಚಿಸಿ" ಎಂದರು. ಜನ ಅತ್ತ ಇತ್ತ ತಿರುಗಿ ತಲೆ ಬಾಗಿಸಿದರು. ಸ್ವಾಮಿ ರೊಟ್ಟಿ ಕೈಗೆತ್ತಿಕೊಂಡರು. ಈಗ ಸುಮ್ಮನಿದ್ದರೆ ಅವ್ವ ಅದೇ ಬೊಗಸೆ ಹಿಡಿದುಕೊಂಡು ಮಣ್ಣಿಗೆ ಹೋಗುತ್ತಾಳೆ ಎನಿಸಿತು. ಮುಂದಿನ ಬೆಂಚಿನಿಂದ ಎದ್ದು ನಿಂತೆ.

"ಬಂದಿಲ್ಲ ಸ್ವಾಮಿ."

ಸ್ವಾಮಿ ಗಾಬರಿಯಾಗಿ ನೋಡಿದರು, ದುಃಖಕ್ಕೆ ಬುದ್ಧಿ ಕೆಟ್ಟಿದೆ ಎಂದುಕೊಂಡಿರಬೇಕು. ಆದರೆ ಅಲ್ಲಿ ನನ್ನ ಓರಗೆಯವರು, ಆ ಚಾಪೆಯ ಮೇಲೆ ಕೂತಿದ್ದ ಹುಡುಗಿಯರು, ನಾಲ್ಕೈದು ಜನರಿದ್ದರು. ಅವರಿಗೆ ತಿಳಿಯಿತು. ಅವರ ತಲೆಗಳು ಒಂದೊಂದಾಗಿ ಹಿಂದಕ್ಕೆ ತಿರುಗಿದವು. ಸ್ವಾಮಿ ರೊಟ್ಟಿಯನ್ನು ಮೆಲ್ಲಗೆ ತಟ್ಟೆಯಲ್ಲಿಟ್ಟರು. ನಾನು ಹಲ್ಲು ಕಚ್ಚಿ ನಿಂತೆ. ಎಷ್ಟು ಹೊತ್ತಾದರೂ ಸರಿ, ಈ ಸಲ ಬಾಯಿ ಬಿಡುವುದಿಲ್ಲ. ಹಿಂದಿನ ಬೆಂಚಿನಿಂದ ಊರುಗೋಲಿನ ಸದ್ದು ಬಂತು. ಚಿಕ್ಕವ್ವ ಎದ್ದಿದ್ದಳು, ಆದರೆ ಮುಂದೆ ಬರಲಿಲ್ಲ. ಅಲ್ಲಿಂದಲೇ, ಯಾರ ಮುಲಾಜೂ ಇಲ್ಲದ ತನ್ನ ಹಳೆಯ ಗಟ್ಟಿ ದನಿಯಲ್ಲಿ ಹೇಳಿದಳು.

"ಹೌದು ಸ್ವಾಮಿ, ಬಂದಿಲ್ಲ. ನಾನು ತಗಂಡಿರ್ಲಿಲ್ಲ. ನನ್ ಕೂಸು ಬೇಲಿ ಹೊರಗಿತ್ತು, ಹೆಂಗ್ ತಗಳ್ಳಿ? ತಗಳ್ಳಲ್ಲ ಅಂತ ನಾನು ಕುಂತಿದ್ದು ಇಡೀ ಊರಿಗೆ ಕಂಡಿತ್ತು. ಬರ್ಲಿಲ್ಲ ಅಂತ ಒಬ್ರಾದ್ರೂ ಹೇಳ್ತಾರೇನೋ ಅಂತ ಕಾದೆ. ಇವತ್ತು ಹೇಳಿದ್ಲು ಹುಡುಗಿ." ಒಂದು ಗಳಿಗೆ ಉಸಿರು ತೆಗೆದುಕೊಂಡಳು. "ನೀವು ಮುಂದೆ ನಡೆಸ್ರಿ."

ಕೂತುಬಿಟ್ಟಳು. ಸ್ವಾಮಿ ರೊಟ್ಟಿ ಮುರಿದರು. ನಾನೂ ಕೂತೆ. ನಲವತ್ತು ವರ್ಷ ನಾನು ಅವಳ ಏಳುತ್ತಿದ್ದ ಕೈಯನ್ನು ತಡೆದೆನೆಂದು ಕೊರಗಿದ್ದೆ. ಆ ಕೈ ಎದ್ದಿತ್ತೋ ಇಲ್ಲವೋ, ಅದು ವಿಷಯವೇ ಆಗಿರಲಿಲ್ಲ. ಅವಳು ಅಂದು ಮಡಿಲಲ್ಲಿ ಕೈಯಿಟ್ಟುಕೊಂಡು ಹೇಳಿದ್ದ ಒಂದೇ ಮಾತನ್ನು, ನನ್ನ ಕೂಸು ಹೋಯಿತು ಎಂಬ ಮಾತನ್ನು, ನಾನು ಮುಚ್ಚಿಹಾಕಿದ್ದೆ. "ನೀನೂ ಹಂಗಂದ್ಯಲ್ಲೇ" ಎಂದರೆ ಅದು.

ಪೂಜೆಯ ಕೊನೆಗೆ ಶವದ ಮೇಲೆ ಪವಿತ್ರ ಜಲ ಚಿಮುಕಿಸುತ್ತಾರೆ. ಜ್ಞಾನಸ್ನಾನದಿಂದ ಶುರುವಾದದ್ದು ಆ ನೀರಿನಲ್ಲೇ ಮುಗಿಯಲಿ ಎಂದು. ಸ್ವಾಮಿ ಚಿಮುಕಿಸಿದ ಮೇಲೆ ಜನ ಒಬ್ಬೊಬ್ಬರಾಗಿ ಬಂದು ಬೇವಿನ ಎಸಳಿನಿಂದ ನಾಲ್ಕು ಹನಿ ಹಾಕಿ ಹೋದರು. ನೀರಿನ ಪಾತ್ರೆ ಹಿಡಿದು ನಿಂತಿದ್ದವಳು ನಾನು. ಎಲ್ಲರೂ ಆಚೆ ಹೋದ ಮೇಲೆ ಚಿಕ್ಕವ್ವ ಬಂದಳು. ಪೆಟ್ಟಿಗೆಯ ಅಂಚು ಹಿಡಿದು ಬಹಳ ಹೊತ್ತು ಅವ್ವನ ಮುಖ ನೋಡಿದಳು. "ಎಷ್ಟ್ ಸಣ್ಣಕಾಗಿದಾಳೆ" ಎಂದಳು. ನಾನು ಬೇವಿನ ಎಸಳನ್ನು ಮುಂದೆ ಚಾಚಿದೆ, ತೆಗೆದುಕೊಳ್ಳಲಿಲ್ಲ. ಊರುಗೋಲನ್ನು ಬೆಂಚಿಗೆ ಒರಗಿಸಿ, ಪಾತ್ರೆಗೇ ಕೈ ಹಾಕಿ, ಬೊಗಸೆ ತುಂಬ ನೀರು ಎತ್ತಿ ಅವ್ವನ ಹಣೆಗೆ ಸುರಿದಳು. ಮತ್ತೊಮ್ಮೆ. ಮತ್ತೊಮ್ಮೆ. ಕೂಸುಗಳಿಗೆ ಸುರಿಯುವಂತೆ ಮೂರು ಸಲ. ನೀರು ನರೆಗೂದಲೊಳಗೆ ಇಳಿಯಿತು. ಸೆರಗಿನ ತುದಿಯಿಂದ ಅವ್ವನ ಕಣ್ಣ ಗುಳಿ, ಕಿವಿಯ ಹಿಂದೆ, ಕತ್ತು ಎಲ್ಲ ಒರೆಸಿದಳು. "ಮನ್ಯಾಗೆ ನೀರೈತಕ್ಕಾ" ಎಂದಳು. ಆ ದನಿಯಲ್ಲಿ ಸಿಟ್ಟಿರಲಿಲ್ಲ.

ಆಮೇಲೆ ನನ್ನ ಕಡೆ ತಿರುಗಿ, ನನ್ನ ಕೈಯಿಂದ ಪಾತ್ರೆ ಬಿಡಿಸಿ ಕೆಳಗಿಟ್ಟು, ನನ್ನೆರಡು ಕೈಗಳನ್ನು ತನ್ನ ಒದ್ದೆ ಅಂಗೈಗಳ ನಡುವೆ ಹಿಡಿದಳು. ಆ ಕೈಗಳು ಒರಟಾಗಿದ್ದವು, ಬಿಡಲಿಲ್ಲ.

"ಬಂತೇನೇ ಲೂರ್ದು?"

ಎಲ್ಲದಕ್ಕೂ ಮಾತಿರುವ ನನಗೆ ಆ ಒಂದು ಮಾತು ಹೊರಡಲು ಹೊತ್ತು ಹಿಡಿಯಿತು. ಹೊರಗೆ ಗಂಡಸರು ಮುಚ್ಚಳ ತರಲು ಕೂಗುತ್ತಿದ್ದರು, ಸ್ವಾಮಿ ಆಗಲೇ ಸಮಾಧಿ ಜಾಗದ ಕಡೆ ನಡೆದಿದ್ದರು. "ಬಂತು ಚಿಕ್ಕವ್ವಾ" ಎಂದೆ. ಅವಳು ತಲೆಯಾಡಿಸಿ ಊರುಗೋಲಿಗಾಗಿ ತಡಕಾಡಿದಳು. ನನ್ನ ಅಂಗೈಯಲ್ಲಿ ಮೂರು ಬಸ್ಸಿನ ಕಂಬಿಯ ವಾಸನೆಯಿತ್ತು, ಅದರೊಳಗೆ ಅವ್ವನ ತಲೆಗೆ ಬೆಳಗ್ಗೆ ನಾನೇ ಹಚ್ಚಿದ್ದ ಹರಳೆಣ್ಣೆಯದೂ ಇತ್ತು. ಅವತ್ತು ರಾತ್ರಿ ದುರ್ಗಕ್ಕೆ ಮರಳುವವರೆಗೂ ನಾನು ಕೈ ತೊಳೆಯಲಿಲ್ಲ.